ಸಿಬಿಲ್‌ನಲ್ಲಿ ‘-1’ ಇದ್ದಾಗ ಕ್ರೆಡಿಟ್ ಕಾರ್ಡ್ ಪಡೆದದ್ದು ಹೇಗೆ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದಾಗಲೆಲ್ಲ ತಿರಸ್ಕೃತ. ಸಿಬಿಲ್ (ನಮ್ಮ ಸಾಲ, ಮರುಪಾವತಿಯ ದಾಖಲೆ ಇಡುವ ಸಂಸ್ಥೆ) ವರದಿ ತೆಗೆದರೆ ಸ್ಕೋರ್ ಜಾಗದಲ್ಲಿ ‘-1’. ಸ್ಕೋರ್ ಕೆಟ್ಟಿದೆ ಎಂದಲ್ಲ, ಸಾಲದ ಇತಿಹಾಸವೇ ಇಲ್ಲ ಎಂದರ್ಥ.

ಉಳಿತಾಯ ಖಾತೆಯಲ್ಲಿ ದುಡ್ಡು ಬಿಟ್ಟು ನೋಡಿದೆ, ಖರ್ಚೆಲ್ಲ ಡೆಬಿಟ್ ಕಾರ್ಡ್‌ನಲ್ಲೇ ಮಾಡಿದೆ. ಇವು ಸಿಬಿಲ್‌ಗೆ ಹೋಗುವುದೇ ಇಲ್ಲ. ಒಂದರ ಹಿಂದೊಂದು ಮೂರು ಬ್ಯಾಂಕಿಗೆ ಅರ್ಜಿ ಹಾಕಿದ್ದಂತೂ ದೊಡ್ಡ ತಪ್ಪು. ಮೂರು ಅರ್ಜಿಗಳೂ ನನ್ನ ವರದಿಯಲ್ಲಿ ‘ಎನ್‌ಕ್ವೈರಿ’ (ಬ್ಯಾಂಕ್ ವಿಚಾರಿಸಿದ ದಾಖಲೆ) ಆಗಿ ಕೂತವು, ಸಾಲಕ್ಕೆ ಪರದಾಡುತ್ತಿರುವವನಂತೆ ಕಾಣುವ ಹಾಗಾಯಿತು.

ಕೊನೆಗೆ ಕೈಹಿಡಿದದ್ದು ಎಫ್‌ಡಿ (ನಿಶ್ಚಿತ ಠೇವಣಿ) ಭದ್ರತೆಯಾಗಿಟ್ಟು ಪಡೆಯುವ ಕಾರ್ಡ್. ಪಿ.ಜೆ. ಬಡಾವಣೆಯ ಶಾಖೆಯಲ್ಲಿ 20,000 ರೂ. ಎಫ್‌ಡಿ ಇಟ್ಟು, ಆಟೋ ರಿನ್ಯೂವಲ್ ಹಾಕಿಸಿದೆ. ಆದಾಯದ ದಾಖಲೆ ಕೇಳಲಿಲ್ಲ. ಸಿಕ್ಕ ಮಿತಿ 16,000. ಮೆಸ್ ಬಿಲ್ಲು, ರೀಚಾರ್ಜ್ ಮಾತ್ರ ಅದರಲ್ಲಿ. ತಿಂಗಳಿಗೆ 4,800 ದಾಟಿಸಲಿಲ್ಲ, ಅಂದರೆ ಮಿತಿಯ ಶೇ 30. ಕಾರ್ಡಿನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಬೇಡಿ, ಬಡ್ಡಿ ಅವತ್ತಿನಿಂದಲೇ ಶುರು.

ಮುಖ್ಯವಾದದ್ದು ಆಟೋ ಡೆಬಿಟ್, ಅಂದರೆ ಬಿಲ್ಲಿನ ಹಣ ಖಾತೆಯಿಂದ ತಾನಾಗೇ ಕಡಿತವಾಗುವುದು. ಆ್ಯಪ್‌ನಲ್ಲಿ ‘ಮಿನಿಮಮ್ ಡ್ಯೂ’ (ಕಟ್ಟಲೇಬೇಕಾದ ಕನಿಷ್ಠ ಮೊತ್ತ), ‘ಟೋಟಲ್ ಡ್ಯೂ’ (ಪೂರ್ತಿ ಬಿಲ್ಲು) ಎಂದು ಎರಡು ಆಯ್ಕೆ. ನನ್ನದರಲ್ಲಿ ಮೊದಲನೆಯದಕ್ಕೇ ಟಿಕ್ ಬಿದ್ದಿತ್ತು. ಹಾಗೇ ಬಿಟ್ಟಿದ್ದರೆ ಉಳಿದ ಬಾಕಿಗೆ ಬಡ್ಡಿ ಬೆಳೆಯುತ್ತಿತ್ತು. ‘ಟೋಟಲ್ ಡ್ಯೂ’ಗೆ ಬದಲಿಸಿ, ಕೊನೇ ದಿನಕ್ಕೆ ಎರಡು ದಿನ ಮೊದಲೇ ಖಾತೆಗೆ ದುಡ್ಡು ಹಾಕಿಡುತ್ತಿದ್ದೆ. ಈ ನಡುವೆ ಬೇರೆಲ್ಲೂ ಅರ್ಜಿ ಹಾಕಲಿಲ್ಲ.

ಏಳನೇ ತಿಂಗಳಿಗೆ ‘-1’ ಹೋಗಿ 748 ಬಂತು. ಕೆಲಸಕ್ಕೆ ಸೇರಿದ ಮೇಲೆ ಮೂರು ತಿಂಗಳ ಸಂಬಳದ ಸ್ಲಿಪ್ ಇಟ್ಟು ಒಂದೇ ಬ್ಯಾಂಕಿಗೆ ಅರ್ಜಿ ಹಾಕಿದೆ, ಎಫ್‌ಡಿ ಇಲ್ಲದ ಕಾರ್ಡ್ ಮಂಜೂರಾಯಿತು. ಹಳೇ ಕಾರ್ಡನ್ನು ಮುಚ್ಚಿಸಿಲ್ಲ. ನನ್ನ ವರದಿಯಲ್ಲಿ ಅತಿ ಹಳೆಯ ಖಾತೆ ಅದೇ.