ಹದಿಮೂರು ಹಿರಿಯರು, ಒಂದು ಫೋನ್ ಸರಪಳಿ: 2020ರ ನನ್ನ ಅನುಭವ

ಉಡುಪಿಯ ಕಡಿಯಾಳಿಯಲ್ಲಿ ನಮ್ಮದು ಒಂಬತ್ತು ಮನೆಗಳ ಸಣ್ಣ ಓಣಿ. ಕೊರೋನಾ ಬಂದ 2020ರ ಮಾರ್ಚ್‌ನಲ್ಲಿ ಇಲ್ಲಿ 65 ದಾಟಿದವರು ಹದಿಮೂರು ಮಂದಿ ಇದ್ದರು. ಮಕ್ಕಳೆಲ್ಲ ಬೆಂಗಳೂರು, ಮುಂಬೈ, ದುಬೈ, ಮಸ್ಕತ್. ಆ ಹದಿಮೂರು ಮಂದಿ ಸುಮಾರು ಎಪ್ಪತ್ತು ದಿನ ಗೇಟು ದಾಟಲಿಲ್ಲ. ಹಾಗೆ ಮಾಡಿಸಿದ್ದು ನಾನು. ಆಗ "ಇದೆಲ್ಲ ಆಗುವ ಕೆಲಸ ಅಲ್ಲ" ಅಂದವರೇ ಈಗ "ಹೇಗೆ ಮಾಡಿದ್ದಕ್ಕಾ?" ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ನೆನಪಿನಿಂದ ಹೇಳುವುದು, ನೂರಿನ್ನೂರು ಆಚೀಚೆ ಆದೀತು.

ಮಾಸ್ಕು, ಸೋಪು, ದೂರ ನಿಲ್ಲುವುದು ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ. ವಯಸ್ಸಾದವರನ್ನು ನೋಡಿಕೊಳ್ಳುವವರಿಗೆ ನಿಜವಾದ ತಲೆನೋವು ಬೇರೆಯೇ ಇತ್ತಲ್ವಾ? ಅವರು ಮನೆಯೊಳಗೆ ನಿಲ್ಲುವುದಿಲ್ಲ. 60-65 ದಾಟಿದವರು ಕೆಲವು ವಾರ ಹೊರಗೆ ಬರಬೇಡಿ ಅಂತ ಮಾರ್ಚ್ 19ಕ್ಕೇ ಪ್ರಧಾನಿ ಟಿವಿಯಲ್ಲಿ ಹೇಳಿದ್ದರು. 22ರ ಜನತಾ ಕರ್ಫ್ಯೂ ದಿನ ಸಂಜೆ ಐದಕ್ಕೆ ಚಪ್ಪಾಳೆ ತಟ್ಟಲು ಹೊರಗೆ ಬಂದ ನಮ್ಮ ಓಣಿಯ ಅಜ್ಜಂದಿರು ಏಳೂವರೆ ತನಕ ರಸ್ತೆಯಲ್ಲೇ ನಿಂತು ಮಾತಾಡಿದರು. 25ಕ್ಕೆ ಲಾಕ್‌ಡೌನ್ ಶುರುವಾಯಿತು. ಅದೇ ದಿನ ಉಡುಪಿ ಜಿಲ್ಲೆಯ ಮೊದಲ ಕೇಸೂ ಬಂತು. ಆಗ ನನಗೆ ಕೈಕಾಲು ತಣ್ಣಗಾಯಿತು. ನಮ್ಮ ಮನೆಯಲ್ಲೇ ಅತ್ತೆಗೆ 86 ವರ್ಷ.

ನನಗೆ 61. ಹೊರಗೆ ಹೋಗಬಹುದಾದವರು ಓಣಿಯಲ್ಲಿ ನಾನು ಮತ್ತು ಡಿಗ್ರಿ ಓದುವ ಒಬ್ಬ ಹುಡುಗ, ಇಬ್ಬರೇ.

ಮೊದಲು ಮಾಡಿದ್ದೆಲ್ಲ ಕೆಟ್ಟಿತು. ಅದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಶುರುವಿನಲ್ಲಿ ಓಣಿಯ ಬಾಯಲ್ಲಿ ಒಂದು ಮೇಜು ಇಟ್ಟು, ಹಾಲು, ತರಕಾರಿ, ದಿನಸಿ ಎಲ್ಲವನ್ನೂ ಅಲ್ಲೇ ಇಡುವ ವ್ಯವಸ್ಥೆ ಮಾಡಿದೆವು. ಅಂಗಡಿಗೆ ಹೋಗುವುದು ತಪ್ಪಿತು, ನಿಜ. ಆದರೆ ಎರಡೇ ದಿನದಲ್ಲಿ ಆ ಮೇಜೇ ಕಟ್ಟೆಯಾಯಿತು. ಬೆಳಿಗ್ಗೆ ಏಳಕ್ಕೆ ಆರೇಳು ಮಂದಿ ಮೇಜಿನ ಸುತ್ತ, ಮಾಸ್ಕು ಗಲ್ಲದ ಕೆಳಗೆ. ಮೂರನೇ ದಿನ ಮೇಜು ಒಳಗೆ ಹಾಕಿದೆ.

ಆಮೇಲೆ ವಾಟ್ಸಾಪ್ ಗುಂಪು. ಮಸ್ಕತ್ತಿನ ಮಗನ ಒತ್ತಾಯ. ಹದಿಮೂರರಲ್ಲಿ ಸ್ಮಾರ್ಟ್‌ಫೋನ್ ಇದ್ದದ್ದು ನಾಲ್ಕು ಮಂದಿಗೆ. ವಿಡಿಯೋ ಕಾಲ್‌ನಲ್ಲಿ ಆಗ ನಾಲ್ಕೇ ಮಂದಿ ಸೇರಬಹುದಿತ್ತು, ಎಂಟು ಆದದ್ದು ಏಪ್ರಿಲ್ ಕೊನೆಗೆ. ಗುಂಪಿನಲ್ಲಿ ಬಂದದ್ದೆಲ್ಲ ಹೆದರಿಸುವ ಫಾರ್ವರ್ಡುಗಳು. ಮೂಲೆಮನೆಯ ಅಮ್ಮ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಐದನೇ ದಿನ ಗುಂಪು ಮುಚ್ಚಿದೆ.

ದುಡ್ಡು ಹೋದದ್ದು ಮಾತ್ರೆಯಲ್ಲಿ. ಎಲ್ಲರಿಗೂ ಒಂದು ತಿಂಗಳಿನದ್ದು ಒಟ್ಟಿಗೆ ತರುವ ಅಂತ ಹೊರಟೆ. ಸುಮಾರು 11,000 ರೂಪಾಯಿ ನನ್ನ ಕಾರ್ಡಿನಿಂದಲೇ ಕೊಟ್ಟೆ. ಪಟ್ಟಿ ಬರೆದುಕೊಂಡದ್ದು ಅವರು ಬಾಯಲ್ಲಿ ಹೇಳಿದ್ದನ್ನು ಕೇಳಿ. "ಬಿಳಿ ಸಣ್ಣದು, ಬಿಪಿದು" ಅಂದರೆ ಅದು 5 ಮಿಲಿಗ್ರಾಮಿನದೋ ಎರಡೂವರೆಯದೋ? ಕೆಲವರು ಖಾಲಿಯಾದ ಸ್ಟ್ರಿಪ್ ತೋರಿಸಿದರು. ಅದರಲ್ಲಿ ಹೆಸರೇ ಇಲ್ಲ, ಕತ್ತರಿಸಿ ಕೊಟ್ಟ ತುಂಡು. ಮೂವರಿಗೆ ತಪ್ಪು ಮಾತ್ರೆ ಬಂತು. ಪುಣ್ಯಕ್ಕೆ ಯಾರೂ ನುಂಗುವ ಮೊದಲೇ ಗೊತ್ತಾಯಿತು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. 1,400 ರೂಪಾಯಿ ನೀರಿನಲ್ಲಿ ಹೋಮ.

ಅವತ್ತು ರಾತ್ರಿ ಕೂತು ಒಂದು ನಿಯಮ ಮಾಡಿದೆ. ಸ್ಟ್ರಿಪ್‌ನಲ್ಲಿ ಹೆಸರು ಮತ್ತು ತಾರೀಕು ಇರುವ ತುದಿಯನ್ನು ಕೊನೆಯ ತನಕ ಮುಟ್ಟಬಾರದು. ಆ ತುದಿಗೆ ಕೆಂಪು ದಾರ ಸುತ್ತಿ ಕೊಟ್ಟೆ. ದಾರ ಕಂಡ ಕೂಡಲೇ ಅವರು ಇನ್ನೊಂದು ಕಡೆಯಿಂದ ಮಾತ್ರೆ ತೆಗೆಯುತ್ತಾರೆ. ದಾರದ ಹತ್ತಿರ ಎರಡು ಮಾತ್ರೆ ಉಳಿದಾಗ ನನಗೆ ಹೇಳಬೇಕು. ಆಮೇಲೆ ಒಂದೇ ಒಂದು ಮಾತ್ರೆಯೂ ತಪ್ಪಲಿಲ್ಲ. ಇದನ್ನು ನೀವು ಇವತ್ತೇ ಮನೆಯಲ್ಲಿ ಮಾಡಿ ನೋಡಿ.

ಒಬ್ಬರ ಮಾತ್ರೆ ಮಾತ್ರ ತುಂಬ ಸತಾಯಿಸಿತು. ಗಂಟುನೋವಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿದ್ದ ಅಕ್ಕ ಅವರು. ಅದು ಕೊರೋನಾಕ್ಕೆ ಆಗುತ್ತದೆ ಅಂತ ಸುದ್ದಿ ಹಬ್ಬಿದ್ದೇ ತಡ, ಅಂಗಡಿಗಳಲ್ಲಿ ಮಾಯ. ಮಾರ್ಚ್ 26ಕ್ಕೆ ಸರಕಾರ ಅದರ ಮಾರಾಟವನ್ನು ಬಿಗಿ ಮಾಡಿತು. ನಾಲ್ಕು ಅಂಗಡಿ ತಿರುಗಿ, ಡಾಕ್ಟರ ಚೀಟಿ ಹಿಡಿದು, ಕೊನೆಗೆ ಮಣಿಪಾಲದಲ್ಲಿ ಹದಿನೈದು ದಿನದ್ದು ಸಿಕ್ಕಿತು. ದಿನಸಿ ಅಂಗಡಿ ಬೆಳಿಗ್ಗೆ ಹನ್ನೊಂದರ ತನಕ ಮಾತ್ರ. ಆ ಓಡಾಟದ ದಿನ ತರಕಾರಿ ತರಲು ಆಗಲೇ ಇಲ್ಲ.

ಇಷ್ಟೆಲ್ಲ ಮಾಡಿದರೂ ಜನ ಒಳಗೆ ನಿಲ್ಲಲಿಲ್ಲ! ಎಲ್ಲವೂ ಗೇಟಿಗೆ ಬರುತ್ತದೆ, ಆದರೂ ಮಾಷ್ಟ್ರು ಪೇಪರಿಗೆ ಅಂತ ಹೊರಟರು. ಅವರಿಗೆ 79. ನಾನು ಗೇಟಿನಲ್ಲಿ ತಡೆದೆ.

"ಪೇಪರ್ ನಾನು ತಂದು ಕೊಡ್ತೇನೆ ಮಾಷ್ಟ್ರೇ."

"ಪೇಪರ್ ಮಾತ್ರವಾ? ಒಳಗೆ ಕೂತು ನಾನು ಎಂತ ಮಾಡುದು ಹೇಳಿ. ನಾನಿಲ್ಲದೆ ನಿಲ್ಲುವ ಕೆಲಸ ಒಂದಾದ್ರೂ ಉಂಟಾ?"

ನನಗೆ ಅಲ್ಲೇ ಹೊಳೆಯಿತು. ನಾನು ಎಲ್ಲರಿಗೂ ತಂದು ಕೊಡುತ್ತಿದ್ದೆ, ಕೇಳುತ್ತಿದ್ದೆ, ವಿಚಾರಿಸುತ್ತಿದ್ದೆ. ಅವರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಹಾಗಾದರೆ ಅವರು ಒಳಗೆ ಯಾಕೆ ಕೂರಬೇಕು?

ನಾನು ಸಿಂಡಿಕೇಟ್ ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಇದ್ದವಳು. ಅದೇ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ದಿನ ಮನೆಯಲ್ಲಿ ಒಬ್ಬಳೇ ಕೂತು ಸ್ವಲ್ಪ ಅತ್ತೆ. 1928ರಲ್ಲಿ ನಮ್ಮ ಬ್ಯಾಂಕು ಪಿಗ್ಮಿ ಶುರು ಮಾಡಿದ್ದು. ದಿನಾ ಮನೆಬಾಗಿಲಿಗೆ ಹೋಗಿ ಸಣ್ಣ ಮೊತ್ತ ತರುವುದು. ಪಿಗ್ಮಿಯವರು ಒಂದು ದಿನ ಬಾರದಿದ್ದರೆ ಅಂಗಡಿಯವರೇ "ಇವತ್ತು ಯಾಕೆ ಕಾಣಲಿಲ್ಲ?" ಅಂತ ವಿಚಾರಿಸುತ್ತಿದ್ದರು. ನಾನು ಹಿಡಿದದ್ದು ಆ ಕ್ರಮವನ್ನೇ. ದಿನಾ, ಹೊತ್ತಿಗೆ ಸರಿಯಾಗಿ, ಸ್ವಲ್ಪವೇ ಸ್ವಲ್ಪ.

ಸರಪಳಿ ಹೀಗೆ. ಬೆಳಿಗ್ಗೆ ಏಳೂವರೆಗೆ ನಮ್ಮ ಅತ್ತೆ ಮೊದಲ ಮನೆಗೆ ಫೋನ್ ಮಾಡುತ್ತಾರೆ. ಎರಡೇ ಪ್ರಶ್ನೆ: ತಿಂಡಿ ಎಂತ, ಮಾತ್ರೆ ಆಯ್ತಾ. ಜೊತೆಗೆ ನಮ್ಮ ಮನೆಯ ತಿಂಡಿ ಏನೆಂದು ಹೇಳಬೇಕು. ಆ ಮನೆಯವರು ಮುಂದಿನವರಿಗೆ ಫೋನ್ ಮಾಡಿ, ಅದೇ ಪ್ರಶ್ನೆ ಕೇಳಿ, ನಮ್ಮ ತಿಂಡಿಯ ಸುದ್ದಿ ದಾಟಿಸಬೇಕು. ಇಬ್ಬರಿರುವ ಮನೆಯಲ್ಲಿ ದಿನ ಬಿಟ್ಟು ದಿನ ಒಬ್ಬೊಬ್ಬರ ಪಾಳಿ. ಕೊನೆಯವರು ಎಂಟೂಕಾಲರ ಒಳಗೆ ನನಗೆ ಫೋನ್ ಮಾಡಿ ನಮ್ಮ ಮನೆಯ ತಿಂಡಿ ಯಾವುದು ಅಂತ ನನಗೇ ಹೇಳಬೇಕು. ಫೋನ್ ಬಾರದಿದ್ದರೆ ಸರಪಳಿ ಎಲ್ಲಿ ತುಂಡಾಗಿದೆ ಅಂತ ನೋಡುವುದು ನನ್ನ ಕೆಲಸ.

ಕೀಪ್ಯಾಡ್ ಫೋನ್ ಸಾಕು. ಎರಡು ಮನೆಗೆ ಫೋನ್ ಇರಲಿಲ್ಲ, ಅಂಗಡಿ ಮುಚ್ಚಿತ್ತು. ಕಪಾಟಿನ ಮೂಲೆಯಲ್ಲಿದ್ದ ಹಳೇ ಫೋನುಗಳನ್ನು ಹುಡುಕಿ ಕೊಟ್ಟೆವು. ಸಣ್ಣ ಪಿನ್ನಿನ ಚಾರ್ಜರ್ ಹುಡುಕಲು ಅರ್ಧ ದಿನ ಹೋಯಿತು.

ಮೊದಲ ವಾರ ಇದೂ ಕೆಟ್ಟಿತು ಅಂತಲೇ ಅನಿಸಿತ್ತು. ಒಬ್ಬೊಬ್ಬರು ಅರ್ಧ ಗಂಟೆ ಮಾತಾಡಿ, ನನಗೆ ಫೋನ್ ಬರುವಾಗ ಮಧ್ಯಾಹ್ನದ ಊಟದ ಹೊತ್ತು. ಹಾಗಾಗಿ ಒಂಬತ್ತರ ತನಕ ಹರಟೆ ಇಲ್ಲ ಅಂತ ನಿಯಮ ಮಾಡಿದೆ. ಬೇಕಾದಷ್ಟು ಮಾತಾಡುವುದು ಒಂಬತ್ತರ ಮೇಲೆ. ಆದರೆ ಒಂಬತ್ತಕ್ಕೆ ಎಲ್ಲರೂ ಟಿವಿಯ ಮುಂದೆ. ಮಾರ್ಚ್ 28ರಿಂದ ದೂರದರ್ಶನದಲ್ಲಿ ರಾಮಾಯಣ ಮತ್ತೆ ಶುರುವಾಗಿತ್ತಲ್ಲ. ಇನ್ನೊಂದು ದಿನ ನಮ್ಮ ಮನೆಯಿಂದ ಹೊರಟ ನೀರುದೋಸೆ ಉದ್ದಿನ ದೋಸೆಯಾಗಿ ವಾಪಸ್ ಬಂತು. ಎಲ್ಲಿ ಬದಲಾಯಿತು ಅಂತ ಒಂದೊಂದೇ ಮನೆ ಹಿಂದಕ್ಕೆ ಕೇಳುತ್ತ ಹೋದೆ. ನಾಲ್ಕನೇ ಮನೆಯ ಅಮ್ಮನಿಗೆ ಬಲಗಿವಿ ಕೇಳುತ್ತಲೇ ಇರಲಿಲ್ಲ. ಮಗನಿಗೂ ಗೊತ್ತಿರಲಿಲ್ಲ. ಎಡಗಿವಿಗೆ ಫೋನ್ ಹಿಡಿಯಲು ಹೇಳಿದ ಮೇಲೆ ತಿಂಡಿ ಸರಿಯಾಗಿ ಬಂತು.

ಮಾಷ್ಟ್ರಿಗೆ ಕೊಟ್ಟ ಕೆಲಸ ಬೇರೆ. ಎದುರುಮನೆಯ ದೊಡ್ಡಮ್ಮನಿಗೆ ಏಪ್ರಿಲ್‌ನಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಗಬೇಕಿತ್ತು, ಮುಂದೆ ಹೋಯಿತು. ಅವರಿಗೆ ಓದಲು ಆಗುವುದಿಲ್ಲ. ನಾನು ಒಂದು ಉದಯವಾಣಿ ತಂದು, ನಮ್ಮ ತುಳಸಿಕಟ್ಟೆಯ ಮೇಲೆ ಕಲ್ಲು ಹೇರಿ ಒಂದು ದಿನ ಬಿಸಿಲಿಗೆ ಇಟ್ಟು, ಮರುದಿನ ಮಾಷ್ಟ್ರ ಗೇಟಿಗೆ ಹಾಕುತ್ತಿದ್ದೆ. ನಿನ್ನೆಯ ಪೇಪರ್. ಅದನ್ನು ಸಂಜೆ ನಾಲ್ಕಕ್ಕೆ ದೊಡ್ಡಮ್ಮನಿಗೆ ಫೋನಿನಲ್ಲಿ ಓದಿ ಹೇಳಬೇಕು. ಮೊದಲ ದಿನ ಅವರು ಗೊಣಗಿದರು. ಮೂರನೇ ದಿನ ಮೂರೂವರೆಗೇ ಕನ್ನಡಕ ಒರೆಸಿ, ಪೇಪರ್ ಮಡಚಿ, ಓದಬೇಕಾದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಮರಣ ವಾರ್ತೆಯ ಪುಟವನ್ನು ಅವರು ಓದುತ್ತಿರಲಿಲ್ಲ. ದೊಡ್ಡಮ್ಮ ಕೇಳಿದರೆ "ಇವತ್ತು ಯಾರೂ ಇಲ್ಲ" ಅನ್ನುತ್ತಿದ್ದರು. ಮಾಷ್ಟ್ರು ಮತ್ತೆ ಗೇಟಿಗೆ ಬರಲಿಲ್ಲ.

ಸರಪಳಿಯಲ್ಲಿ ಯಾರ ನಂತರ ಯಾರು ಎಂಬುದೇ ಮುಖ್ಯ. ಅದನ್ನು ಹೇಗೆ ಗೊತ್ತು ಮಾಡಿದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಗಡಿಯ ಹಲಸಿನ ಮರದ ವಿಷಯದಲ್ಲಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಎರಡು ಮನೆಗಳನ್ನು ಬೇಕಂತಲೇ ಅಕ್ಕಪಕ್ಕ ಹಾಕಿದೆ. ಎಲ್ಲರೂ ಬೇಡ ಅಂದರು. ನಾಲ್ಕು ದಿನ ಆ ಕರೆ ಹತ್ತು ಸೆಕೆಂಡು ಇರಲಿಲ್ಲ. "ತಿಂಡಿ ಆಯ್ತು, ಮಾತ್ರೆ ಆಯ್ತು, ಇಡ್ತೇನೆ." ಏಪ್ರಿಲ್ 14 ಬಿಸು ಹಬ್ಬ, ತುಳುನಾಡಿನ ಹೊಸ ವರ್ಷ. ಅವತ್ತೇ ಲಾಕ್‌ಡೌನ್ ಮೇ 3ರ ತನಕ ಮುಂದೆ ಹೋದದ್ದು. ಎಲ್ಲರಿಗೂ ಮನಸ್ಸು ಕುಗ್ಗಿತ್ತು. ಆ ದಿನ ಬೆಳಿಗ್ಗೆ ಅವರಿಬ್ಬರ ಕರೆ ಇಪ್ಪತ್ತು ನಿಮಿಷ ಆಯಿತು. ನಾನು ನಿಯಮದ ಸುದ್ದಿ ಎತ್ತಲಿಲ್ಲ. ಮೇ ತಿಂಗಳಲ್ಲಿ ಅದೇ ಮರದ ಹಲಸಿನ ಹಣ್ಣು ಚೀಲದಲ್ಲಿ ಗೋಡೆಯಾಚೆ ಇಳಿಯಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಅತ್ತೆಗೆ ಕೂತು ಕೂತು ಕಾಲು ಊದಿತ್ತು. ತುಳಸಿಕಟ್ಟೆಗೆ ಸುತ್ತು ಬರಲು ಹೇಳಿದರೆ ಲೆಕ್ಕ ತಪ್ಪುತ್ತಾರೆ. ಕಟ್ಟೆಯ ಮೇಲೆ ತೆಂಗಿನಕಾಯಿಯ ಎರಡು ಗೆರಟೆ (ಚಿಪ್ಪು) ಇಟ್ಟೆ, ಒಂದರಲ್ಲಿ ಇಪ್ಪತ್ತು ಅಡಿಕೆ. ಒಂದು ಸುತ್ತಿಗೆ ಒಂದು ಅಡಿಕೆ ಆ ಗೆರಟೆಯಿಂದ ಈ ಗೆರಟೆಗೆ. ಎರಡು ವಾರದಲ್ಲಿ ಊತ ಇಳಿಯಿತು. ಐದು ಮನೆಗಳಲ್ಲಿ ಇದು ಶುರುವಾಯಿತು. ಮಟ್ಟುಗುಳ್ಳ, ಅಂದರೆ ನಮ್ಮ ಕಡೆಯ ಬದನೆ, ಅದು ಮಾತ್ರ ಕೈಕೊಟ್ಟಿತು. ಬೆಳೆದವರಿಗೆ ಮಾರಲು ದಾರಿ ಇಲ್ಲ ಅಂತ ಗೊತ್ತಾಗಿ ಒಂದು ಗೋಣಿ ತರಿಸಿದೆ. ಒಂಬತ್ತು ಮನೆಗೆ ಅದು ಜಾಸ್ತಿ, ಕಾಲು ಭಾಗ ಹಾಳಾಯಿತು. ಆದರೂ ಅದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ನನಗೆ ಬೇಸರವಿಲ್ಲ.

ಸಾಮಾನಿಗೆ ಮದುವೆಮನೆಗಳಲ್ಲಿ ಸಿಕ್ಕಿದ ಬಟ್ಟೆ ಚೀಲಗಳು, ಮನೆಗೊಂದು ಬಣ್ಣ. ಗೇಟಿನ ಹೊರಗೆ ಒಂದು ಸ್ಟೂಲು. ದುಡ್ಡು ಲಕೋಟೆಯಲ್ಲಿ. ಬಂದ ನೋಟು ಬಿಸ್ಕತ್ ಡಬ್ಬದಲ್ಲಿ ಮೂರು ದಿನ ಮಲಗುತ್ತಿತ್ತು. ಒಬ್ಬರು ಐನೂರರ ನೋಟನ್ನು ಸೋಪು ನೀರಲ್ಲಿ ಅದ್ದಿ ಹಗ್ಗಕ್ಕೆ ಹಾಕಿದ್ದರು, ಅದನ್ನು ನಿಲ್ಲಿಸಿದೆ.

ಸರಪಳಿ ನಿಜವಾಗಿ ತುಂಡಾದದ್ದು ಒಂದೇ ಸಲ. ಮೇ ಮೊದಲ ವಾರ, ಏಕಾದಶಿ. ಎಂಟೂಕಾಲಾದರೂ ಫೋನ್ ಇಲ್ಲ. ಹಿಂದಕ್ಕೆ ಕೇಳುತ್ತ ಬಂದರೆ ಭಟ್ರು ಫೋನ್ ಎತ್ತಿಲ್ಲ. ಅವರೊಬ್ಬರೇ ಇರುವುದು. ನಾನೂ ಆ ಹುಡುಗನೂ ಓಡಿದೆವು. ಬಾವಿಕಟ್ಟೆಗೆ ಒರಗಿ ಕೂತಿದ್ದರು, ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಉಪವಾಸ ಹಿಡಿದು, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದ್ದರು. ಎಚ್ಚರವಿತ್ತು, ನುಂಗಲು ಆಗುತ್ತಿತ್ತು. ಸಕ್ಕರೆ ಕದಡಿದ ನೀರನ್ನು ಚಮಚ ಚಮಚವಾಗಿ ಕುಡಿಸಿದೆ. ಬೇಡ ಅಂತ ತಲೆ ಅಲ್ಲಾಡಿಸಿದರು. "ಭಟ್ರೇ, ದೇವರು ಬೇಜಾರು ಮಾಡ್ಲಿಕ್ಕಿಲ್ಲ, ಕುಡೀರಿ" ಅಂದೆ. ಹತ್ತು ಹದಿನೈದು ನಿಮಿಷದಲ್ಲಿ ನನ್ನ ಗುರುತು ಸಿಕ್ಕಿತು. ಡಾಕ್ಟರು ಫೋನಿನಲ್ಲೇ ಎಲ್ಲ ಕೇಳಿ, ಉಪವಾಸದ ದಿನಕ್ಕೆ ಮಾತ್ರೆ ಹೇಗೆ ಅಂತ ಬೇರೆ ಬರೆದುಕೊಟ್ಟರು. ಅಲ್ಲಿಂದ ಏಕಾದಶಿಗೆ ಹನ್ನೊಂದಕ್ಕೆ ಇನ್ನೊಂದು ಸಲ ಸರಪಳಿ ತಿರುಗಿತು. ಆವತ್ತು ನಾನು ಮನೆಗೆ ಬಂದು ಬಚ್ಚಲಲ್ಲಿ ತುಂಬ ಹೊತ್ತು ನಿಂತಿದ್ದೆ.

ದುಡ್ಡಿನ ಲೆಕ್ಕ: ನನ್ನ ಕೈಯಿಂದ ಓಡಾಡಿದ್ದು ಸುಮಾರು 60,000. ಬಾರದೆ ಉಳಿದದ್ದು 4,000ದ ಹತ್ತಿರ, ತಪ್ಪು ಮಾತ್ರೆ ಮತ್ತು ಗುಳ್ಳ ಸೇರಿ. ಫೋನಿಗೆ ಬೇರೆ ಖರ್ಚೇ ಇಲ್ಲ, ಅವರವರ ರೀಚಾರ್ಜಿನಲ್ಲೇ ಆಯಿತು. ಆ ಎಪ್ಪತ್ತು ದಿನದಲ್ಲಿ ನಮ್ಮ ಓಣಿಯ ಹದಿಮೂರರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. ಅದು ನನ್ನಿಂದಲೇ ಅಂತ ಹೇಳುವುದಿಲ್ಲ. ಆದರೆ ಹದಿಮೂರು ಮಂದಿಯೂ ಒಳಗೆ ನಿಂತದ್ದು ಸರಪಳಿಯಿಂದಲೇ, ಅದನ್ನು ಎದೆ ತಟ್ಟಿ ಹೇಳುತ್ತೇನೆ.

ದೊಡ್ಡಮ್ಮನ ಆಪರೇಶನ್ ಆ ವರ್ಷ ದಸರಾ ಕಳೆದ ಮೇಲೆ ಆಯಿತು. ಈಗ ಚೆನ್ನಾಗಿ ಕಾಣುತ್ತದೆ. ಆದರೂ ನಾಲ್ಕಕ್ಕೆ ಫೋನ್ ಹಿಡಿದು ಕೂರುತ್ತಾರೆ. ಹೋದ ತಿಂಗಳು ಪಕ್ಕದ ಓಣಿಯವರು ಬಂದು, ಆಗ ನಾನು ಎಲ್ಲ ಬರೆದಿಟ್ಟ ಪುಸ್ತಕ ಕೇಳಿದರು. ಮಾತ್ರೆಯ ಪಟ್ಟಿ ಬರೆಯುವ ಕ್ರಮ, ಚೀಲದ ಬಣ್ಣ, ಲೆಕ್ಕ ಎಲ್ಲ ಜೆರಾಕ್ಸ್ ಮಾಡಿಕೊಂಡು ಹೋದರು. ಯಾರ ನಂತರ ಯಾರು ಅಂತ ಬರೆದ ಕೊನೆಯ ಪುಟ ಮಾತ್ರ ಕೊಡಲಿಲ್ಲ. ಅವರ ಓಣಿಯ ಜನರನ್ನು ಅವರೇ ಕೂತು ಯೋಚಿಸಬೇಕು, ಅದಕ್ಕೆ ನನಗೆ ಮೂರು ರಾತ್ರಿ ಬೇಕಾಗಿತ್ತು.