ಮರಳುಗಾಡಿನಲ್ಲಿ ರೂಮು ಹಿಡಿಯುವುದು ಹೇಗೆ?

ತಲಕಾಡಿನ ಮರಳು ತುಳಿದು ಬೆಳೆದ ನಮ್ಮ ಮೈಸೂರು ಕಡೆಯವರಿಗೆ ರಾಜಸ್ಥಾನದ ಜೈಸಲ್ಮೇರ್ ಅಂದರೆ ಅದೇ ಮರಳು, ಸ್ವಲ್ಪ ಜಾಸ್ತಿ ಅನ್ನುವ ಅಂದಾಜು. ರೈಲಿಳಿದ ಕೂಡಲೇ ಮರಳ ದಿಬ್ಬ ಕಾಣುತ್ತದೆ ಅಂದುಕೊಂಡವರೂ ಇದ್ದಾರೆ. ಹಾಗೇನೂ ಇಲ್ಲ. ಥಾರ್ ಮರುಭೂಮಿಯ ಆ ಭಾಗದಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಕಲ್ಲು ನೆಲ, ಕುರುಚಲು ಗಿಡ, ಅಲ್ಲಲ್ಲಿ ಮೇಯುವ ಕುರಿ, ಮೇಕೆ. ಫೋಟೊದಲ್ಲಿ ಕಾಣುವಂಥ ದಿಬ್ಬ ಬೇಕಿದ್ದರೆ ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದ ಸಮ್‌ಗೆ ಹೋಗಬೇಕು. ಇಲ್ಲವೇ ನೈಋತ್ಯಕ್ಕಿರುವ ಖುರಿ ಎಂಬ ಹಳ್ಳಿಗೆ. ಅದೂ ಹೆಚ್ಚುಕಮ್ಮಿ ಅಷ್ಟೇ ದೂರ.

ಹಾಗಾಗಿ ಎಲ್ಲಿ ಉಳಿಯಬೇಕು ಅನ್ನುವುದು ಇಲ್ಲಿ ಸಣ್ಣ ಪ್ರಶ್ನೆ ಅಲ್ಲ. ಊರಲ್ಲಿ ರೂಮು ಮಾಡಿದರೆ ಮರಳು ದೂರ. ಮರಳ ಪಕ್ಕ ಟೆಂಟ್ ಹಿಡಿದರೆ ಕೋಟೆ, ಹವೇಲಿ, ಔಷಧಿ ಅಂಗಡಿ ಎಲ್ಲ ದೂರ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟೆಂಟಿನಲ್ಲಿ ಒಂದೇ ರಾತ್ರಿ ಸಾಕು. ಉಳಿದದ್ದೆಲ್ಲ ಊರಲ್ಲಿ.

ಮೊದಲು ಕ್ಯಾಲೆಂಡರ್ ನೋಡಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಮಕ್ಕಳಿಗೆ ರಜೆ ಇದೆ ಅಂತ ಏಪ್ರಿಲ್, ಮೇನಲ್ಲಿ ಹೊರಟರೆ 40 ಡಿಗ್ರಿ ದಾಟಿದ ಬಿಸಿಲು, ಮೇಲೆ ಧೂಳಿನ ಗಾಳಿ. ಎಷ್ಟೋ ಕ್ಯಾಂಪುಗಳು ಆಗ ಮುಚ್ಚಿರುತ್ತವೆ. ದಸರಾ ರಜೆಯಲ್ಲಿ ಹೋಗಬಹುದು, ಆದರೆ ಮಧ್ಯಾಹ್ನದ ಬಿಸಿಲು ಆಗಲೂ ಜೋರು. ಟೆಂಟಿಗೆ ಸಂಜೆ ಹೊತ್ತಿಗೆ ಹೋದರೆ ಸಾಕು.

ಚಳಿಗಾಲದಲ್ಲಿ ತೊಂದರೆ ಉಲ್ಟಾ. ಡಿಸೆಂಬರ್, ಜನವರಿ ರಾತ್ರಿ ಅಲ್ಲಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಮೈಸೂರಿನ ಚಳಿಗೇ ಸ್ವೆಟರ್ ಹುಡುಕುವ ನಮಗೆ ಟೆಂಟಿನ ಬಟ್ಟೆ ಗೋಡೆ ಏನೇನೂ ಸಾಲದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ದರವೂ ಏರುತ್ತದೆ, ಗದ್ದಲವೂ ಏರುತ್ತದೆ. ಮಾಘ ಹುಣ್ಣಿಮೆ ಹೊತ್ತಿಗೆ ಮರು ಮಹೋತ್ಸವ, ಅಂದರೆ ಮರುಭೂಮಿ ಉತ್ಸವ, ನಡೆಯುತ್ತದೆ. ಆಗ ಹೋಗುವುದಾದರೆ ರೂಮು ಬಹಳ ಮುಂಚೆ ಹಿಡಿಯಬೇಕು. ಇನ್ನೊಂದು ಮಾತು: ನಕ್ಷತ್ರ ನೋಡುವ ಆಸೆಯಿದ್ದರೆ ಅಮಾವಾಸ್ಯೆ ಆಸುಪಾಸಿನ ದಿನ ಆರಿಸಿ. ಬೆಳದಿಂಗಳಲ್ಲಿ ಮರಳು ನೋಡಬೇಕಿದ್ದರೆ ಹುಣ್ಣಿಮೆ. ಎರಡೂ ಒಂದೇ ರಾತ್ರಿ ಸಿಗುವುದಿಲ್ಲ.

ಮೊದಲ ರಾತ್ರಿ ಊರಲ್ಲೇ

ಮೈಸೂರಿನಿಂದ ಅಜ್ಮೀರ್‌ಗೆ ನೇರ ರೈಲಿದೆ, ಆದರೆ ದಿನಾ ಇಲ್ಲ. ಅದರಲ್ಲಿ ಹೋದರೂ ಜೋಧ್‌ಪುರಕ್ಕೆ ಬೇರೆ ಗಾಡಿ ಹಿಡಿಯಬೇಕು. ಜೋಧ್‌ಪುರದಿಂದ ಜೈಸಲ್ಮೇರ್‌ಗೆ ಇನ್ನೂ ಐದಾರು ಗಂಟೆ ದಾರಿ. ವಿಮಾನದಲ್ಲಿ ಜೋಧ್‌ಪುರದವರೆಗೆ ಹೋದವರಿಗೂ ಈ ಕೊನೆಯ ತುಂಡು ತಪ್ಪಿದ್ದಲ್ಲ. ಇಷ್ಟು ದೂರ ಬಂದು ಸುಸ್ತಾದ ಮೈಯನ್ನು ನೇರ ಟೆಂಟಿಗೆ ಒಯ್ಯಬೇಡಿ. ಬಿಸಿನೀರು, ಗಟ್ಟಿ ಗೋಡೆ ಇರುವ ರೂಮಿನಲ್ಲಿ ಒಂದು ರಾತ್ರಿ ಮಲಗಿ.

ಊರಲ್ಲಿ ಹುಡುಕುವಾಗ 'ಕೋಟೆಯ ಒಳಗೆ' ಅನ್ನುವ ಹೋಟೆಲುಗಳು ತುಂಬ ಆಸೆ ಹುಟ್ಟಿಸುತ್ತವೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಲು ಶುರು ಮಾಡಿದ ಕೋಟೆ ಅದು. 2013ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದೆ. ಇವತ್ತಿಗೂ ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಆದರೂ ನಾನು ಒಳಗೆ ಉಳಿಯಿರಿ ಅನ್ನುವುದಿಲ್ಲ. ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ ಮಾತ್ರ ಬೀಳುವ ಜಾಗ ಅದು. ಗಡಿಸರ್ ಕೆರೆಯಿಂದ ನೀರು ಹೊತ್ತು ತಂದು ಅಳೆದು ಬಳಸುತ್ತಿದ್ದ ಕಾಲದ ಕಟ್ಟಡಗಳು. ನಲ್ಲಿ ಬಂತು, ಹೋಟೆಲ್ ಬಂತು, ರೂಮಿಗೊಂದು ಬಾತ್‌ರೂಮ್ ಬಂತು. ಹರಿದ ನೀರೆಲ್ಲ ಗುಡ್ಡದ ಮೆತ್ತನೆ ಮಣ್ಣಿಗೆ ಇಳಿದು, ಗೋಡೆ ಬಿರುಕು ಬಿಟ್ಟು, ಕೆಲವು ಬುರುಜುಗಳೇ ಕುಸಿದವು. ಸ್ಮಾರಕಗಳ ರಕ್ಷಣೆಗೆ ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ 1996ರಲ್ಲೇ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತ್ತು. ನಾವು ಮಾಡುವ ಸ್ನಾನವೂ ಆ ಲೆಕ್ಕಕ್ಕೇ ಸೇರುತ್ತದೆ ಅಲ್ವಾ?

ಅದೂ ಅಲ್ಲದೆ ಮಂಡಿನೋವಿನವರಿಗೆ ಅಲ್ಲಿ ಕಷ್ಟ. ನಾಲ್ಕು ಬಾಗಿಲು ದಾಟುವ ಏರು ದಾರಿ, ನುಣುಪಾದ ಕಲ್ಲುಹಾಸು, ಹಳೆ ಮನೆಗಳ ಕಡಿದಾದ ಮೆಟ್ಟಿಲು. ಕೋಟೆಯ ಹೊರಗೆ, ತಾರಸಿಯಿಂದ ಕೋಟೆ ಕಾಣುವ ಹೋಟೆಲ್ ಹಿಡಿಯಿರಿ. ಹಳದಿ ಕಲ್ಲು ಸಂಜೆ ಬಿಸಿಲಿಗೆ ಬಂಗಾರದ ಬಣ್ಣಕ್ಕೆ ತಿರುಗುವುದು ಕಾಣಬೇಕಾದರೆ ಹೊರಗೇ ಇರಬೇಕು. ಒಳಗೆ ಕೂತವರಿಗೆ ಕಾಣುವುದು ಪಕ್ಕದ ಮನೆ ಗೋಡೆ.

ಟೆಂಟನ್ನು ಮೇಲಿಂದ ನೋಡಿ

'ಡೆಸರ್ಟ್ ಕ್ಯಾಂಪ್' ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಅದು ಮರಳಿನ ಮೇಲಿದೆ ಅಂತ ಅಲ್ಲ. ಸಮ್ ಕಡೆ ಎಷ್ಟೋ ಕ್ಯಾಂಪುಗಳು ಟಾರು ರಸ್ತೆಗೆ ಅಂಟಿಕೊಂಡು, ಗಟ್ಟಿ ನೆಲದ ಮೇಲಿವೆ. ಫೋಟೊದಲ್ಲಿ ಮಾತ್ರ ಟೆಂಟ್ ಒಂದು, ದಿಬ್ಬ ಇನ್ನೊಂದು, ಒಟ್ಟಿಗೆ ಇರುವ ಹಾಗೆ ಕಾಣುತ್ತವೆ. ನಮ್ಮ ಪರಿಚಯದ ಸರಸ್ವತಿಪುರಂನ ಕುಟುಂಬವೊಂದು ಹೀಗೇ ಫೋಟೊ ನೋಡಿ ದುಡ್ಡು ಕಟ್ಟಿತ್ತು. ಬೆಳಗ್ಗೆ ಎದ್ದು ಹೊರಗೆ ಬಂದರೆ ಎದುರಿಗೆ ಇನ್ನೊಂದು ಕ್ಯಾಂಪಿನ ಕಾಂಪೌಂಡು.

ಇದಕ್ಕೆ ಸುಲಭ ಉಪಾಯ ಇದೆ. ಫೋನಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಸ್ಯಾಟಲೈಟ್ ಚಿತ್ರ ಹಾಕಿ, ಕ್ಯಾಂಪಿನ ಹೆಸರು ಹುಡುಕಿ. ಟೆಂಟುಗಳು ಬಿಳಿ ಚುಕ್ಕಿಗಳ ಸಾಲಾಗಿ ಕಾಣುತ್ತವೆ, ರಸ್ತೆ ಕಪ್ಪು ಗೆರೆ. ಮರಳ ದಿಬ್ಬ ಇರುವ ಕಡೆ ನೆಲ ಅಲೆಅಲೆಯಾಗಿ ಮಡಿಚಿದಂತಿರುತ್ತದೆ, ಗಿಡದ ಚುಕ್ಕಿ ಕಡಿಮೆ. ಚುಕ್ಕಿ ಸಾಲಿನಿಂದ ಆ ಅಲೆಗಳವರೆಗೆ ದೂರ ಅಳೆಯಿರಿ. ಅರ್ಧ ಕಿ.ಮೀ. ಒಳಗಿದ್ದರೆ ನಡೆದು ಹೋಗಬಹುದು.

ಆಮೇಲೆ ಫೋನ್ ಮಾಡಿ. ಮರಳಿಗೆ ನಡೆದು ಹೋಗಬಹುದಾ ಅಂತ ಕೇಳಿದಾಗ "ಜೀಪ್ ಕಳಿಸ್ತೀವಿ ಸಾರ್" ಅನ್ನುವ ಉತ್ತರ ಬಂದರೆ ದೂರ ಇದೆ ಅಂತಲೇ ತಿಳಿಯಿರಿ. ಹಾಡು, ಕುಣಿತ ಎಷ್ಟು ಗಂಟೆಗೆ ನಿಲ್ಲುತ್ತದೆ ಅಂತ ಕೇಳಲೇಬೇಕು. ಮಾಂಗಣಿಯಾರರ ಹಾಡು, ಕಾಲ್ಬೇಲಿಯಾ ನೃತ್ಯ ಕೂತು ನೋಡುವಂಥವೇ. ಅದಾದ ಮೇಲೆ ಶುರುವಾಗುವ ಡಿಜೆ ನಿದ್ದೆ ಕೆಡಿಸುತ್ತದೆ. ಬಿಸಿನೀರು ಗೀಸರಿನದಾ ಬಕೆಟ್ಟಿನದಾ, ರಜಾಯಿ ತಲೆಗೆ ಎಷ್ಟು, ಕಮೋಡ್ ಇದೆಯಾ, ಒಂಟೆ ಸವಾರಿ ದರದಲ್ಲಿ ಸೇರಿದೆಯಾ, ಊರಿನಿಂದ ಕರೆದೊಯ್ಯುವ ಖರ್ಚು ಯಾರದು? ಉತ್ತರಗಳನ್ನು ವಾಟ್ಸ್ಯಾಪ್‌ನಲ್ಲಿ ಬರೆಸಿಕೊಳ್ಳಿ.

ಸಮ್ಮೋ, ಖುರಿಯೋ?

ದೊಡ್ಡ ಗುಂಪು, ಮಕ್ಕಳು, ಗಮ್ಮತ್ತು ಬೇಕು ಅನ್ನುವವರು ಸಮ್‌ಗೆ ಹೋಗಿ. ದಾರಿಯಲ್ಲಿ ಸ್ವಲ್ಪ ತಿರುಗಿದರೆ ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಕುಲಧರಾ ಎಂಬ ಪಾಳು ಹಳ್ಳಿಯೂ ಸಿಗುತ್ತದೆ. ಸುಮ್ನೆ ಕೂತು ನೋಡುವವರಿಗೆ ಖುರಿ. ಅಲ್ಲಿ ಮಣ್ಣಿನ ಗುಡಿಸಲುಗಳಲ್ಲೂ ಜಾಗ ಸಿಗುತ್ತದೆ. ಗಾಳಿ, ಚಳಿ ತಡೆಯಲು ಬಟ್ಟೆಗಿಂತ ಮಣ್ಣಿನ ಗೋಡೆಯೇ ವಾಸಿ. ಎರಡೂ ಕಡೆ ಹತ್ತಿರದಲ್ಲೇ 3,162 ಚದರ ಕಿ.ಮೀ. ವಿಸ್ತಾರದ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ. ಅಳಿವಿನ ಅಂಚಿನಲ್ಲಿರುವ ಗೋಡಾವಣ್ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿನದು. ರಾತ್ರಿ ಜೀಪ್ ಹಾರಿಸುವ ಆಟ ಆಡಿಸುವ ಕ್ಯಾಂಪುಗಳನ್ನು ಬಿಡಲು ಇದೊಂದು ಕಾರಣ ಸಾಕು.

ಮನೆಯಲ್ಲಿ ವಯಸ್ಸಾದವರಿದ್ದರೆ ಟೆಂಟೇ ಬೇಡ. ಮಧ್ಯಾಹ್ನ ಮೂರಕ್ಕೆ ಟ್ಯಾಕ್ಸಿಯಲ್ಲಿ ಹೊರಟು, ಸಮ್‌ನಲ್ಲಿ ಸೂರ್ಯಾಸ್ತ ನೋಡಿ, ರಾತ್ರಿ ಊಟಕ್ಕೆ ಊರಿಗೆ ಬಂದುಬಿಡಬಹುದು. ಒಂಟೆ ಹತ್ತುವ ಹಟ ಹಿಡಿದರೆ ಒಂದು ಎಚ್ಚರ: ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆಗ ಹಿಂದಕ್ಕೆ ವಾಲಿ, ಜೀನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸೊಂಟನೋವಿನವರು ಕೆಳಗೆ ನಿಂತು ಫೋಟೊ ತೆಗೆದರೆ ಸಾಕು.

ಊಟಕ್ಕೆ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ. ಮುದ್ದೆ, ಬಸ್ಸಾರು ಸಿಗುವುದಿಲ್ಲ ಅಷ್ಟೆ. ಸಜ್ಜೆ ರೊಟ್ಟಿ ಜೊತೆ ಕೇರ್ ಸಾಂಗ್ರಿ ಪಲ್ಯ ಕೇಳಿ ಹಾಕಿಸಿಕೊಳ್ಳಿ. ಕೇರ್ ಅಂದರೆ ಮರುಭೂಮಿಯ ಒಂದು ಗಿಡದ ಕಾಯಿ, ಸಾಂಗ್ರಿ ಅಂದರೆ ಖೇಜ್ರಿ ಮರದ ಕಾಯಿ. ಆ ಖೇಜ್ರಿ ನಮ್ಮ ಬನ್ನಿ ಮರವೇ. ಬನ್ನಿಮಂಟಪದಲ್ಲಿ ನಾವು ಪೂಜಿಸುವ ಮರದ ಕಾಯಿಯನ್ನು ಅವರು ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡುತ್ತಾರೆ.

ಬುಕ್ ಮಾಡುವಾಗ

ಊರು, ಟೆಂಟು, ಮತ್ತೆ ಊರು. ಈ ಕ್ರಮದಲ್ಲಿ ರಾತ್ರಿಗಳನ್ನು ಹಿಡಿಯಿರಿ. ಊರಿನ ಹೋಟೆಲ್ ಎರಡೂ ಸಲ ಒಂದೇ ಆದರೆ ದೊಡ್ಡ ಸೂಟ್‌ಕೇಸ್ ಅಲ್ಲೇ ಇಟ್ಟು, ಒಂದು ಕೈಚೀಲದಲ್ಲಿ ಮರಳಿಗೆ ಹೋಗಬಹುದು. ಇಟ್ಟುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಟೆಂಟ್ ಖಾಲಿ ಮಾಡುವ ಹೊತ್ತನ್ನೂ ಕೇಳಿಕೊಳ್ಳಿ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಏಳು ಗಂಟೆ ದಾಟಿದ ಮೇಲೆ. ಎಂಟಕ್ಕೇ ವಾಪಸ್ ಜೀಪ್ ಬರುತ್ತದೆ ಅಂದರೆ ಬೆಳಗಿನ ಮರಳು ನೋಡುವ ಹೊತ್ತೇ ಕೈತಪ್ಪುತ್ತದೆ. ಹತ್ತಕ್ಕೆ ಬರಲಿ ಅಂತ ಮುಂಗಡ ಕೊಡುವ ಮುಂಚೆಯೇ ಹೇಳಿ.