ಬಳ್ಳಾರಿಯಲ್ಲಿ ಕೂತು ಸಂಶೋಧನಾ ಲೇಖನ ಹುಡುಕೋದು ಹೇಗೆ?

ಎಂ.ಎ. ಓದುವ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದಿದ್ದಳು. ಅವಳ ಕಿರುಪ್ರಬಂಧದ ವಿಷಯ ತೊಗಲುಗೊಂಬೆಯಾಟ. "ನಮ್ಮ ಕಡೆಯ ಗೊಂಬೆಯಾಟದ ಬಗ್ಗೆ ಯಾರೂ ಏನೂ ಬರೆದೇ ಇಲ್ಲ, ವಿಷಯ ಬದಲಾಯಿಸಲಾ?" ಅಂದಳು. ಏನು ಹುಡುಕಿದ್ದೀಯ ತೋರಿಸು ಅಂದೆ. ಬಳ್ಳಾರಿ ಜಿಲ್ಲೆಯ ತೊಗಲುಗೊಂಬೆಯಾಟದ ಸಾಮಾಜಿಕ ಮಹತ್ವ ಅಂತ ಇಡೀ ಶೀರ್ಷಿಕೆಯನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದಳು. ಕೆಳಗೆ ಸೊನ್ನೆ ಫಲಿತಾಂಶ. ಬರಹಗಳೇನೋ ಇದ್ದವು, ಆದರೆ ಬೇರೆ ಬೇರೆ ಹೆಸರಲ್ಲಿ ಇದ್ದವು. ಇಂಥ ಕಾರಣಕ್ಕೆ ಒಳ್ಳೆಯ ವಿಷಯವನ್ನೇ ಕೈಬಿಡುವ ಮಕ್ಕಳನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬಾಗಿಲು. ಗೂಗಲ್‌ನಿಂದ ನೇರವಾಗಿ ಹೋದರೆ ಲೇಖನದ ಮೊದಲ ಪುಟ ತೋರಿಸಿ ಡಾಲರ್‌ನಲ್ಲಿ ದುಡ್ಡು ಕೇಳುತ್ತಾರೆ. ಕೊಡಬೇಡಿ. 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಸರ್ಕಾರಿ ಕಾಲೇಜುಗಳಿಗೆ ಸಿಗಲಿ ಅಂತ ಮಾಡಿದ್ದು. ಅನುದಾನಿತ ಕಾಲೇಜುಗಳಿಗೆ ಎನ್-ಲಿಸ್ಟ್ ಅಂತ ಬೇರೆ ವ್ಯವಸ್ಥೆ ಇದೆ. ಕ್ಯಾಂಪಸ್ ವೈಫೈನಲ್ಲಿದ್ದರೆ ಸಾಮಾನ್ಯವಾಗಿ ಪಾಸ್‌ವರ್ಡ್ ಬೇಕಿಲ್ಲ, ಪ್ರಕಾಶಕರ ಸೈಟೇ ನಿಮ್ಮ ವಿವಿಯನ್ನು ಗುರುತಿಸುತ್ತದೆ. ಸಿರುಗುಪ್ಪದಲ್ಲೋ ಸಂಡೂರಲ್ಲೋ ಮನೆಯಲ್ಲಿ ಕೂತಿದ್ದರೆ 'ಇನ್‌ಫೆಡ್' ಲಾಗಿನ್ ಬೇಕು. ಅದನ್ನು ಲೈಬ್ರರಿಯಲ್ಲೇ ಕೇಳಬೇಕು. ಹೆಸರು, ನೋಂದಣಿ ಸಂಖ್ಯೆ, ಇಮೇಲ್ ಬರೆದುಕೊಂಡು ಹೋಗಿ, ಇವತ್ತೇ ಕೇಳಿ. ಪ್ರಬಂಧ ಸಲ್ಲಿಸುವ ವಾರ ಕೇಳಿದರೆ ಪ್ರಯೋಜನವಿಲ್ಲ.

ಲಾಗಿನ್ ಬಂತು ಅಂತ ತಕ್ಷಣ ಟೈಪ್ ಮಾಡಲು ಕೂರಬೇಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟದಲ್ಲಿ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ: ವಿಷಯ, ಜಾಗ, ಜನ. ಪ್ರತಿ ಕಾಲಂನಲ್ಲೂ ಆ ಒಂದೇ ಸಂಗತಿಗೆ ಇರುವ ಎಲ್ಲ ಹೆಸರು ಬರೆಯಿರಿ. ಹುಡುಕಾಟದ ಮುಕ್ಕಾಲು ಕೆಲಸ ಇದೇ.

ಜಾಗದ ಕಾಲಂ ನೋಡಿ. ನಮ್ಮೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಮೊದಲು ಬಿ ನಂತರ ಇ, ಕೊನೆಗೆ ವೈ. ಈಗ ಬಿ ನಂತರ ಎ, ಕೊನೆಗೆ ಐ. ಹೊಸ ಸ್ಪೆಲ್ಲಿಂಗ್ ಒಂದನ್ನೇ ಹಾಕಿದರೆ ಅದಕ್ಕೂ ಹಿಂದಿನ ಬರಹಗಳು ಹೆಚ್ಚುಕಡಿಮೆ ಎಲ್ಲ ತಪ್ಪಿಹೋಗುತ್ತವೆ. ಇನ್ನೊಂದು ಮಾತು, ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ: ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು, ಅಲ್ಲಿವರೆಗೂ ಮದ್ರಾಸಿನಲ್ಲಿತ್ತು, ಹಾಗಾಗಿ ಹಳೆಯ ಬರಹಗಳು ಮದ್ರಾಸ್ ಅನ್ನೋ ಪದದ ಕೆಳಗೆ ಕೂತಿರುತ್ತವೆ. 1904ರ ಬಳ್ಳಾರಿ ಗೆಜೆಟಿಯರ್ ಕೂಡ ಮದ್ರಾಸ್ ಸರಣಿಯದೇ. ರಾಯಚೂರು, ಕೊಪ್ಪಳದವರು 1956ಕ್ಕೂ ಹಿಂದಿನದಕ್ಕೆ ಹೈದರಾಬಾದ್ ಅಂತ ಹಾಕಿ ನೋಡಬೇಕು.

ಇನ್ನು ವಿಷಯದ ಕಾಲಂ. ತೊಗಲುಗೊಂಬೆಯನ್ನು ಒಬ್ಬರು ಶ್ಯಾಡೋ ಪಪೆಟ್ ಅಂತಾರೆ, ಇನ್ನೊಬ್ಬರು ಲೆದರ್ ಪಪೆಟ್ ಅಂತಾರೆ. ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಒಂದೇ ಪದ ಮಾಡುತ್ತಾರೆ, ಇಲ್ಲವೇ ತೊಗಲು ಬೇರೆ ಗೊಂಬೆ ಬೇರೆ ಮಾಡುತ್ತಾರೆ, 'ಯಾಟ'ಕ್ಕೆ ಒಬ್ಬರು ಒಂದು ಎ ಹಾಕಿದರೆ ಇನ್ನೊಬ್ಬರು ಎರಡು. ಆಂಧ್ರದ ಕಡೆ ಇದೇ ಕಲೆ ತೋಲು ಬೊಮ್ಮಲಾಟ. ಜನರ ಕಾಲಂನಲ್ಲಿ ಈ ಆಟ ಆಡಿಸುವ ಸಮುದಾಯದ ಹೆಸರು, ಕಿಳ್ಳೇಕ್ಯಾತ, ಶಿಳ್ಳೇಕ್ಯಾತ ಎರಡೂ ಬರಬೇಕು.

ಇಷ್ಟೆಲ್ಲ ಒಂದೊಂದಾಗಿ ಟೈಪ್ ಮಾಡಬೇಕಾ? ಬೇಡ. ಎರಡು ಇಂಗ್ಲಿಷ್ ಪದ, ಮೂರು ಗುರುತು ಗೊತ್ತಿದ್ದರೆ ಸಾಕು. ಒಂದೇ ಕಾಲಂನ ಪದಗಳ ನಡುವೆ 'ಆರ್' (OR) ಹಾಕಿ, ದೊಡ್ಡ ಅಕ್ಷರದಲ್ಲಿ, ಆಮೇಲೆ ಅಷ್ಟನ್ನೂ ಒಂದು ಬ್ರಾಕೆಟ್ಟಿನೊಳಗೆ ಇಡಿ. ಒಂದು ಕಾಲಂಗೂ ಇನ್ನೊಂದಕ್ಕೂ ನಡುವೆ 'ಆಂಡ್' (AND) ಹಾಕಿ. ಶ್ಯಾಡೋ ಪಪೆಟ್ ಥರ ಜೊತೆಯಾಗೇ ಬರಬೇಕಾದ ಎರಡು ಪದಕ್ಕೆ ಉದ್ಧರಣ ಚಿಹ್ನೆ ಕೊಡಿ. ಕೊನೆಯದು ನಕ್ಷತ್ರ ಚಿಹ್ನೆ. ಪಪೆಟ್ ಅಂತ ಬರೆದು ಪಕ್ಕಕ್ಕೇ ನಕ್ಷತ್ರ ಅಂಟಿಸಿದರೆ ಪಪೆಟ್ಸ್, ಪಪೆಟ್ರಿ, ಪಪೆಟಿಯರ್ ಎಲ್ಲವೂ ಬರುತ್ತವೆ. ಗೊಂಬೆ ಪಕ್ಕ ನಕ್ಷತ್ರ ಹಾಕಿದರೆ 'ಯಾಟ'ದ ಸ್ಪೆಲ್ಲಿಂಗ್ ಜಗಳ ಮುಗಿಯಿತು. ಆದರೆ ತೊಗಲುಗೊಂಬೆ ಒಂದೇ ಪದವಾಗಿದ್ದರೆ ಅದು ಸಿಗುವುದಿಲ್ಲ, ಅದಕ್ಕೆ ತೊಗಲು ಪಕ್ಕವೂ ಒಂದು ನಕ್ಷತ್ರ ಬೇಕು. ಉದ್ಧರಣ ಚಿಹ್ನೆಯ ಒಳಗೆ ನಕ್ಷತ್ರ ಹಾಕಿದರೆ ಹಲವು ಕಡೆ ಕೆಲಸ ಮಾಡುವುದಿಲ್ಲ, ಹೊರಗೇ ಇಡಿ.

ಆ ಹುಡುಗಿ ಹೀಗೆ ಮಾಡಿದಾಗ ಪರದೆ ತುಂಬಿತು. ಈಗ ಅವಳದು ಉಲ್ಟಾ ಸಮಸ್ಯೆ, ಜಾಸ್ತಿ ಆಯಿತು. ಜಾಸ್ತಿ ಬಂದರೆ ಹೊಸ ಪದ ಹುಡುಕಬೇಡಿ, ಎಡಗಡೆ ಇರುವ ಫಿಲ್ಟರ್‌ನಲ್ಲಿ ವರ್ಷ, ವಿಷಯ, ಭಾಷೆ ಆರಿಸಿ. ಇಲ್ಲವೇ ಇಡೀ ಪಠ್ಯದ ಬದಲು ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಮಾತ್ರ ಹುಡುಕು ಅಂತ ಹೇಳಿ. ಬೇಡದ ಪದ ಇರುವುದನ್ನೆಲ್ಲ ತೆಗೆಯಲು 'ನಾಟ್' (NOT) ಅಂತ ಒಂದಿದೆ, ನಾನು ಅದನ್ನು ಬಳಸುವುದಿಲ್ಲ. ಆಂಧ್ರ ಬೇಡ ಅಂತ ತೆಗೆದರೆ ಆಂಧ್ರದ ಹೆಸರನ್ನು ಒಂದು ಸಲ ಹೇಳಿದ ಬಳ್ಳಾರಿ ಲೇಖನವೂ ಹೋಗುತ್ತದೆ.

ಒಂದು ಒಳ್ಳೆ ಲೇಖನ ಸಿಕ್ಕಿತಾ? ಮೊದಲು ಅದರ ಕೊನೆಯ ಪುಟಗಳಿಗೆ ಹೋಗಿ. ಆ ಲೇಖಕರು ಯಾವ್ಯಾವುದನ್ನು ಓದಿದ್ದಾರೆ ಅನ್ನೋದು ಅಲ್ಲಿರುತ್ತದೆ. ಆಮೇಲೆ ಗೂಗಲ್ ಸ್ಕಾಲರ್‌ನಲ್ಲಿ ಅದೇ ಲೇಖನದ ಕೆಳಗೆ 'ಸೈಟೆಡ್ ಬೈ' ಒತ್ತಿ, ಅದನ್ನು ಓದಿ ಮುಂದೆ ಬರೆದವರು ಸಿಗುತ್ತಾರೆ. ಹೀಗೆ ಸಿಗುವುದರಲ್ಲಿ ನೀವು ಯೋಚಿಸಿರದ ಇನ್ನೊಂದು ಸ್ಪೆಲ್ಲಿಂಗ್ ಇದ್ದೇ ಇರುತ್ತದೆ. ನೋಟ್‌ಬುಕ್ಕಿಗೆ ಸೇರಿಸಿ, ಮತ್ತೆ ಹುಡುಕಿ.

ವಿವಿ ಲಾಗಿನ್ ಇಲ್ಲದವರೂ ಕೈಬಿಡಬೇಕಿಲ್ಲ. ಜೆಸ್ಟೋರ್ ಅನ್ನೋ ಜರ್ನಲ್ ಸಂಗ್ರಹದ ಸೈಟ್‌ನಲ್ಲಿ ಇಮೇಲ್ ಕೊಟ್ಟು ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಪುಕ್ಕಟೆ ಓದಬಹುದು, ಆದರೆ ಅಲ್ಲಿ ಎಷ್ಟೋ ಜರ್ನಲ್‌ಗಳ ಇತ್ತೀಚಿನ ಕೆಲವು ವರ್ಷದ ಸಂಚಿಕೆ ಇರುವುದಿಲ್ಲ. ಪಿಎಚ್‌ಡಿ ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಇದೆ, ಎಲ್ಲರಿಗೂ ತೆರೆದಿದೆ. ಅಲ್ಲಿ ಎರಡು ಎಚ್ಚರ ಬೇಕು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ ಹುಟ್ಟಿದ್ದೇ 2010ರಲ್ಲಿ, ಅದಕ್ಕೂ ಮುಂಚೆ ಈ ಭಾಗ ಗುಲಬರ್ಗಾ ವಿವಿಗೆ ಸೇರಿತ್ತು, ಹಾಗಾಗಿ ಹಳೆಯ ಪ್ರಬಂಧಗಳನ್ನು ಆ ಹೆಸರಲ್ಲೂ ನೋಡಿ. ಎರಡನೆಯದು, ಕನ್ನಡ ಪ್ರಬಂಧಗಳ ಪಿಡಿಎಫ್ ಎಷ್ಟೋ ಕಡೆ ಸ್ಕ್ಯಾನ್ ಮಾಡಿದ್ದು, ಇಲ್ಲವೇ ಯೂನಿಕೋಡ್ ಅಲ್ಲದ ಹಳೆ ಫಾಂಟಿನದು. ಒಳಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಪದ ಅಲ್ಲೇ ಕಣ್ಣೆದುರು ಇದ್ದರೂ. ಪರಿವಿಡಿ ತೆರೆದು ಅಧ್ಯಾಯ ಅಧ್ಯಾಯವಾಗಿ ಕಣ್ಣಾಡಿಸಿ, ಬೇರೆ ದಾರಿ ಇಲ್ಲ.

ಎಷ್ಟು ಹುಡುಕಿದರೂ ಒಂದೆರಡು ಲೇಖನದ ಬಾಗಿಲು ತೆರೆಯುವುದಿಲ್ಲ. ಅವುಗಳ ಲೇಖಕ, ಶೀರ್ಷಿಕೆ, ಜರ್ನಲ್, ಸಂಪುಟ, ವರ್ಷ, ಪುಟ ಎಲ್ಲ ಬರೆದ ಚೀಟಿ ಹಿಡಿದು ಗ್ರಂಥಪಾಲಕರ ಹತ್ತಿರ ಹೋಗಿ. ಸುಮ್ನೆ "ಗೊಂಬೆಯಾಟದ ಬಗ್ಗೆ ಏನಾದರೂ ಇದೆಯಾ" ಅಂದರೆ ಅವರಿಗೂ ಕಷ್ಟ. ಚೀಟಿ ಕೊಟ್ಟರೆ ಬೇರೆ ವಿವಿಯ ಲೈಬ್ರರಿಗೆ ಬರೆದು ತರಿಸಿಕೊಡಲು ಆಗುತ್ತದಾ ನೋಡುತ್ತಾರೆ. ಆ ಹುಡುಗಿ ಮೂರು ಚೀಟಿ ಬರೆದುಕೊಂಡು ಹೋಗಿದ್ದಾಳೆ. ವಿಷಯ ಬದಲಾಯಿಸಿಲ್ಲ.